ಕಳೆದುಕೊಳ್ಳಲು ಹೆಚ್ಚೇನಿಲ್ಲ ಎಂದಿದ್ದೆ

ಮೆದುಳಿನ ಒಂದು ತುಂಡನ್ನು ತೆಗೆಯುವ ಮೊದಲು ನಮ್ಮ ಶಸ್ತ್ರವೈದ್ಯರು ನನ್ನನ್ನು ಒಂದೇ ಪ್ರಶ್ನೆ ಕೇಳುತ್ತಿದ್ದರು. ಇದನ್ನು ತೆಗೆದರೆ ಈ ರೋಗಿ ಏನು ಕಳೆದುಕೊಳ್ಳುತ್ತಾನೆ? ಅದಕ್ಕೆ ಉತ್ತರ ಕೊಡುವುದಕ್ಕೇ ನನಗೆ ಸಂಬಳ. ನಾನು ಡಾಕ್ಟರಲ್ಲ. ಮೈಸೂರಿನಲ್ಲಿ ಮನಃಶಾಸ್ತ್ರ ಓದಿ, ಘಟ್ಟದ ಕೆಳಗಿನ ಒಂದು ದೊಡ್ಡ ಆಸ್ಪತ್ರೆಯ ಮೆದುಳು ವಿಭಾಗದಲ್ಲಿ ನೆನಪು, ಮಾತು, ಬುದ್ಧಿಗಳನ್ನು ಅಳೆಯುವ ಕೆಲಸಕ್ಕೆ ಸೇರಿದವಳು.

ನಾನು ಹೇಳಹೊರಟಿರುವುದು ಒಬ್ಬ ರೋಗಿಯ ವಿಷಯ. ನೀಲಗಿರಿ ಬೆಟ್ಟದ ಬಡಗರವನು, ಕುಂದಾ ಕಡೆಯ ಒಂದು ಹಟ್ಟಿ ಅವನ ಊರು, ಮೂವತ್ತರ ಒಳಗಿನ ವಯಸ್ಸು. ಆತನಿಗೆ ಮೂರ್ಛೆ ವಾಸಿಯಾಗಬೇಕಿದ್ದದ್ದು ಮುಖ್ಯವಾಗಿ ಒಂದು ಕಾರಣಕ್ಕೆ. ಮುಂದೆ ತಂದೆ ತೀರಿಹೋದ ದಿನ ಹೆಣದ ತಲೆಯ ಕಡೆ ಬೀಳದೆ ನಿಂತು, ಅವರ ಜನ ಸತ್ತವರಿಗಾಗಿ ಹೇಳುವ ಮಾತನ್ನು ಮೊದಲಿನಿಂದ ಕೊನೆಯವರೆಗೆ ಹೇಳಬೇಕು. ಈ ಕಾರಣ ನನಗೆ ಗೊತ್ತಾದದ್ದು ಎಲ್ಲ ಮುಗಿದ ಮೇಲೆ. ಗೊತ್ತಿಲ್ಲದೆ ನಾನು ಕೊಟ್ಟ ಉತ್ತರದಿಂದ ಏನಾಯಿತೆಂದು, ನಡೆದ ಹಾಗೆಯೇ ಹೇಳುತ್ತೇನೆ.

ಅರವತ್ತರ ದಶಕ ಮುಗಿಯುತ್ತ ಬಂದಿತ್ತು. ತಿಂಗಳಿಗೊಮ್ಮೆ ನಮ್ಮ ತಂಡ ಊಟಿಗೆ ಹತ್ತಿ ಬಂದು ಎರಡು ಬಾಡಿಗೆ ಕೋಣೆಗಳಲ್ಲಿ ಮೂರ್ಛೆ ರೋಗಿಗಳನ್ನು ನೋಡುತ್ತಿತ್ತು. ಡಾಕ್ಟರುಗಳೆಲ್ಲ ತಮಿಳರು, ಮಲಯಾಳಿಗಳು. ಕನ್ನಡದವಳೆಂದು ಬಡಗರನ್ನೆಲ್ಲ ನನ್ನ ಕೋಣೆಗೆ ಕಳಿಸುತ್ತಿದ್ದರು. ಬಡಗರ ಮಾತು ಕನ್ನಡದ ಬಳಗದ್ದೇ. ಅದರಲ್ಲಿ ಅರ್ಧ ನನಗೆ ತಿಳಿಯುತ್ತಿತ್ತು, ಉಳಿದರ್ಧ ತಿಳಿಯಿತು ಎಂದುಕೊಳ್ಳುತ್ತಿದ್ದೆ. ಅವರೂ ನನ್ನೊಡನೆ ಮಾತಾಡುವಾಗ ತಮ್ಮ ಮಾತನ್ನು ಆದಷ್ಟು ನನ್ನ ಕಡೆಗೆ ಬಾಗಿಸುತ್ತಿದ್ದರು. ಇಲ್ಲಿ ಅವರ ಮಾತುಗಳನ್ನು ನನ್ನ ಕಿವಿಯಲ್ಲಿ ಉಳಿದ ಹಾಗೆ ಬರೆದಿದ್ದೇನೆ.

ಆತ ಮೊದಲ ಸಲ ಬಂದದ್ದು ಜನವರಿಯಲ್ಲಿ. ಬೆಳಿಗ್ಗೆ ಹುಲ್ಲಿನ ಮೇಲೆ ಮಂಜು ಗಟ್ಟಿ ಕಟ್ಟಿತ್ತು, ಮೊದಲ ಬಸ್ಸು ತಡವಾಗಿತ್ತು. ಬಿಳಿ ಮುಂಡಾಸು, ಬಿಳಿ ಶಾಲಿನ ತಂದೆ ಮುಂದೆ, ಮಗ ಹಿಂದೆ, ಸೊಸೆ ಬಾಗಿಲ ಬಳಿ. ಮಗನ ಬಲ ಮುಂಗೈ ಮೇಲೆ ಅಂಗೈಯಗಲದ ಸುಟ್ಟ ಕಲೆ. ಟೀ ಫ್ಯಾಕ್ಟರಿಯಲ್ಲಿ ಎಲೆ ಒಣಗಿಸುವ ಯಂತ್ರದ ಬಾಯಿಗೆ ಕೈ ಹೋಗಿತ್ತು. ಅದರ ಮೇಲೆ ಕೆಲಸವೂ ಹೋಗಿತ್ತು. ಹೊಟ್ಟೆಯಿಂದ ಏನೋ ಮೇಲೇರಿದ ಹಾಗಾಗುತ್ತದೆ, ಆಮೇಲೆ ಗೊತ್ತಿಲ್ಲ ಎಂದ. ಆಮೇಲಿನದನ್ನು ಹೆಂಡತಿ ಹೇಳಿದಳು: ಕಣ್ಣು ಒಂದೇ ಕಡೆ ನಿಲ್ಲುತ್ತದೆ, ಬಾಯಿ ಏನೋ ಅಗಿಯುತ್ತದೆ, ಕೈ ಶಾಲಿನ ಅಂಚನ್ನು ಹಿಂಜುತ್ತದೆ. ಒಮ್ಮೊಮ್ಮೆ ಅಷ್ಟಕ್ಕೇ ಮುಗಿಯುತ್ತದೆ, ಒಮ್ಮೊಮ್ಮೆ ನಿಂತಲ್ಲೇ ಬೀಳುತ್ತಾರೆ. ಒಲೆ ಉರಿಯುವಾಗ ಅವರನ್ನು ಒಬ್ಬರೇ ಬಿಟ್ಟು ನೀರಿಗೆ ಹೋಗಿ ನಾಲ್ಕು ವರ್ಷವಾಯಿತು ಎಂದಳು.

ಎರಡು ಬಗೆಯ ಮಾತ್ರೆ ನುಂಗಿ ಆತ ಅರೆನಿದ್ದೆಯಲ್ಲಿದ್ದ. ಮೂರ್ಛೆ ಮಾತ್ರ ವಾರಕ್ಕೆರಡು ಸಲ ತಪ್ಪದೆ ಬರುತ್ತಿತ್ತು. ಇಂಥವರನ್ನೇ ನಾವು ಶಸ್ತ್ರಚಿಕಿತ್ಸೆಗೆ ಆರಿಸುತ್ತಿದ್ದದ್ದು.

ನನ್ನ ಪರೀಕ್ಷೆ ಮೂರು ಗಂಟೆಯದು. ಬಣ್ಣದ ಮರದ ತುಂಡುಗಳನ್ನು ಚಿತ್ರದ ಹಾಗೆ ಜೋಡಿಸುವುದು, ಅಂಕಿಗಳನ್ನು ಹಿಂದುಮುಂದಾಗಿ ಹೇಳುವುದು, ಜೋಡಿ ಪದಗಳು, ಕೊನೆಗೆ ಕಥೆ. ಈ ಕಥೆಯ ಬಗ್ಗೆ ನನಗೆ ಬಹಳ ಜಂಬವಿತ್ತು. ಇಂಗ್ಲಿಷಿನದನ್ನು ತರ್ಜುಮೆ ಮಾಡದೆ, ಸಂತೆಯಲ್ಲಿ ಕತ್ತೆ ಕಳೆದುಕೊಂಡ ಅಗಸನೊಬ್ಬನ ಕಥೆಯನ್ನು ನಾನೇ ಬರೆದಿದ್ದೆ. ಅದರಲ್ಲಿ ಇಪ್ಪತ್ತು ತುಣುಕು, ಒಂದಕ್ಕೊಂದು ಅಂಕ. ಒಂದೇ ಸಲ ಓದಬೇಕು. ರೋಗಿ ಆ ಕೂಡಲೇ ಹೇಳಬೇಕು, ಅರ್ಧ ಗಂಟೆ ಬಿಟ್ಟು ಮತ್ತೆ ಹೇಳಬೇಕು. ಅದೇ ಪದ ಬರಬೇಕೆಂದಿಲ್ಲ, ಹತ್ತಿರ ಹತ್ತಿರ ಬಂದರೂ ಅರ್ಧ ಅಂಕ ಕೊಡುತ್ತಿದ್ದೆ. ಎಡಗಿವಿಯ ಮೇಲೆ ಬರುವ ಮೆದುಳಿನ ಭಾಗ, ನಾವು ಹಾಲೆ ಎನ್ನುವುದು, ಕೆಟ್ಟಿದ್ದರೆ ಈ ಕಥೆಯಲ್ಲಿ ಜನ ಎಡವುತ್ತಾರೆ.

ಓದಿದೆ. ಆತ ಕಣ್ಣು ಮುಚ್ಚಿ ಕೇಳಿದ. ಹೇಳಿ ಅಂದಾಗ ಮೊದಲ ಸಾಲು ಹೇಳಿದ, ನಾಲ್ಕು ತುಣುಕು, ಅಲ್ಲಿಗೆ ನಿಲ್ಲಿಸಿದ. ಎಷ್ಟು ನೆನಪಿದೆಯೋ ಅಷ್ಟು ಹೇಳಿ, ತಪ್ಪಾದರೂ ಪರವಾಗಿಲ್ಲ ಎಂದೆ. ಆತ ತಲೆಯಾಡಿಸಿದ.

“ಅರ್ಧ ಹೇಳಲಾಗದು, ಡಾಕ್ಟರಮ್ಮ. ಇನ್ನೆರಡು ಸಲ ಓದಿ. ಮೂರು ಸಲ ಕೇಳಿದರೆ ಹೇಳ್ವೆ.”

ಎರಡನೆಯ ಸಲ ಓದುವುದು ನಿಯಮಕ್ಕೆ ವಿರುದ್ಧ. ನಾನು ಡಾಕ್ಟರಮ್ಮ ಅಲ್ಲವೆಂದು ಹೇಳಿ, ನಿಯಮವನ್ನೂ ಹೇಳಿದೆ. ಅರ್ಧ ಗಂಟೆಯ ನಂತರವೂ ಅವೇ ನಾಲ್ಕು ತುಣುಕು. ನನ್ನ ಹಾಳೆಯಲ್ಲಿ ಬರೆದುಕೊಂಡೆ: ಮಾತಿನ ನೆನಪು ತೀರ ಕಡಿಮೆ, ಪ್ರಯತ್ನವೂ ಕಡಿಮೆ. ಆ ನಾಲ್ಕು ತುಣುಕುಗಳನ್ನು ಆತ ನನ್ನ ಮೈಸೂರು ಕನ್ನಡದಲ್ಲೇ, ನಾನು ಉಸಿರು ತೆಗೆದುಕೊಂಡ ಜಾಗದಲ್ಲೇ ಉಸಿರು ತೆಗೆದುಕೊಂಡು ಹೇಳಿದ್ದ. ಅದು ನನ್ನ ಕಿವಿಗೆ ಬಿದ್ದಿತ್ತು. ಬರೆದುಕೊಳ್ಳಲು ಹಾಳೆಯಲ್ಲಿ ಅದಕ್ಕೊಂದು ಜಾಗ ಇರಲಿಲ್ಲ, ನಾನೂ ಜಾಗ ಮಾಡಲಿಲ್ಲ.

ತಂದೆಯನ್ನು ಬೇರೆ ಕೂರಿಸಿಕೊಂಡು ಕೇಳಿದೆ. ಮನೆಯಲ್ಲಿ ಮರೆವು ಇದೆಯೇ, ಹೇಳಿದ ಕೆಲಸ ಮರೆಯುತ್ತಾನೆಯೇ? ಮುದುಕರು ನನ್ನನ್ನು ಸ್ವಲ್ಪ ಹೊತ್ತು ನೋಡಿದರು. ಅವನ ನೆನಪಿಗೆ ಏನೂ ಕೊರತೆಯಿಲ್ಲ ಎಂದರು. ಹಾಗೆಂದರೆ ಏನೇನು ನೆನಪಿಡುತ್ತಾನೆ ಎಂದು ಕೇಳಿದರೆ, ಎಲ್ಲವೂ ಅಂದು ಎದ್ದುಬಿಟ್ಟರು. ಮಗನ ಕೊರತೆಯನ್ನು ಒಪ್ಪದ ತಂದೆ ಎಂದು ನಾನು ತೀರ್ಮಾನಿಸಿದೆ. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಎರಡು ತಿಂಗಳ ನಂತರ ಆತನನ್ನು ಕೆಳಗಿನ ಆಸ್ಪತ್ರೆಗೆ ಸೇರಿಸಿಕೊಂಡರು. ತಲೆಗೆ ತಂತಿ ಅಂಟಿಸಿ ಮೆದುಳಿನ ಅಲೆಗಳನ್ನು ಕಾಗದದ ಮೇಲೆ ಬರೆಸಿದೆವು. ಎಚ್ಚರದಲ್ಲೊಮ್ಮೆ, ನಿದ್ದೆಯಲ್ಲೊಮ್ಮೆ. ಎಡಗಿವಿಯ ಮೇಲಿನ ತಂತಿಯ ಲೇಖನಿ ಮತ್ತೆ ಮತ್ತೆ ಚೂಪಾಗಿ ನೆಗೆಯಿತು. ಬೆನ್ನೆಲುಬಿನಿಂದ ಮೆದುಳಿಗೆ ಗಾಳಿ ಏರಿಸಿ ಎಕ್ಸ್‌ರೇ ತೆಗೆದರು. ಎರಡು ದಿನ ತಲೆನೋವಿನಲ್ಲಿ ಆತ ಗೋಡೆಗೆ ಮುಖ ಮಾಡಿ ಮಲಗಿದ್ದ. ಆಮೇಲೆ ಕತ್ತಿನ ಎಡ ರಕ್ತನಾಳಕ್ಕೆ ನಿದ್ದೆಯ ಮದ್ದು ಚುಚ್ಚಿ ಗಟ್ಟಿಯಾಗಿ ಎಣಿಸಲು ಹೇಳಿದೆವು. ಹನ್ನೊಂದಕ್ಕೆ ಮಾತು ನಿಂತಿತು. ಅಂದರೆ ಮಾತು ಎಡಗಡೆಗೇ ಇತ್ತು, ರೋಗವೂ ಅದೇ ಕಡೆಗೆ.

ಮಾತು ಮತ್ತು ರೋಗ ಒಂದೇ ಕಡೆ ಇದ್ದಾಗ ನನ್ನ ಉತ್ತರಕ್ಕೆ ತೂಕ ಹೆಚ್ಚು. ಆ ಹಾಲೆ ಇನ್ನೂ ಚೆನ್ನಾಗಿ ನೆನಪಿಡುತ್ತಿದ್ದರೆ ಅದನ್ನು ತೆಗೆದಾಗ ನಷ್ಟ ದೊಡ್ಡದು. ಆಗಲೇ ಕೆಟ್ಟು ಕೂತಿದ್ದರೆ ತೆಗೆಯುವುದೇ ಲೇಸು. ಸಭೆಯಲ್ಲಿ ಶಸ್ತ್ರವೈದ್ಯರು ಅಲೆಯ ಕಾಗದ ನೋಡಿದರು, ಎಕ್ಸ್‌ರೇ ನೋಡಿದರು, ನನ್ನ ಕಡೆ ತಿರುಗಿ ಅದೇ ಪ್ರಶ್ನೆ ಕೇಳಿದರು. ಅವರು ಅವಸರದ ಮನುಷ್ಯರಲ್ಲ. ನಾನು ಸಂದೇಹವಿದೆ ಎಂದಿದ್ದರೆ ಇನ್ನೊಂದು ತಿಂಗಳು ಕಾಯುತ್ತಿದ್ದರು. ನಾನು ಹಾಳೆ ನೋಡಿಕೊಂಡು, ಮಾತಿನ ನೆನಪಿನಲ್ಲಿ ಕಳೆದುಕೊಳ್ಳಲು ಹೆಚ್ಚೇನಿಲ್ಲ ಎಂದೆ.

ಶಸ್ತ್ರಚಿಕಿತ್ಸೆ ನಡೆದದ್ದು ಒಂದು ಗುರುವಾರ. ತಲೆಯ ಚರ್ಮಕ್ಕೆ ಮಾತ್ರ ಮರಗಟ್ಟಿಸುವ ಮದ್ದು ಕೊಟ್ಟು, ಆತ ಎಚ್ಚರವಿರುವಾಗಲೇ ಮಾಡಿದ್ದು. ಹಸಿರು ಬಟ್ಟೆಯ ಕೆಳಗೆ ಮುಖದ ಹತ್ತಿರ ಕೂತು ಚಿತ್ರದ ಕಾರ್ಡುಗಳನ್ನು ತೋರಿಸುತ್ತ ಹೋಗುವುದು ನನ್ನ ಪಾಲಿನ ಕೆಲಸ. ಕೊಡೆ, ಬೀಗ, ಹಸು, ಏಣಿ. ಎಲ್ಲವನ್ನೂ ಸರಿಯಾಗಿ ಹೆಸರಿಸಿದ. ಮಾತಿನ ಜಾಗಕ್ಕೆ ಪೆಟ್ಟಾಗದಂತೆ ವೈದ್ಯರು ಮುಂಭಾಗವನ್ನಷ್ಟೇ ತೆಗೆದರು. ಎಲ್ಲ ಅಂದುಕೊಂಡ ಹಾಗೇ ಆಯಿತು. ಸಂಜೆ ಆತನಿಗೆ ಬಾಯಾರಿತ್ತು, ನೀರು ಎಂದು ಕೇಳಿದ. ವಾರ್ಡಿನ ನರ್ಸುಗಳು ನನ್ನನ್ನು ಕಂಡು ನಕ್ಕರು, ನಾನೂ ನಕ್ಕೆ.

ಆ ದಿನದಿಂದ ಆತನಿಗೆ ಮೂರ್ಛೆ ಬರಲೇ ಇಲ್ಲ. ಇದನ್ನು ಒತ್ತಿ ಹೇಳಬೇಕು. ಇಲ್ಲದಿದ್ದರೆ ಮುಂದಿನದನ್ನು ಓದಿದವರು ನಮ್ಮ ವೈದ್ಯರನ್ನು ಕಟುಕರೆಂದುಕೊಂಡಾರು. ಮೂರು ತಿಂಗಳ ನಂತರ ಊಟಿಯಲ್ಲಿ ಕಂಡಾಗ ಮುಖ ತುಂಬಿಕೊಂಡಿತ್ತು, ಕಣ್ಣಿನಲ್ಲಿ ನಿದ್ದೆ ಇರಲಿಲ್ಲ. ಕೆಲವು ಹೆಸರುಗಳು ಬಾಯಿಗೆ ಬಾರದೆ ಅದು, ಇದು ಎನ್ನುತ್ತಿದ್ದ. ಅದು ಹೀಗೆ ಆದವರಲ್ಲಿ ಸಾಮಾನ್ಯ. ಕಥೆ ಓದಿದೆ. ನಾಲ್ಕರ ಜಾಗದಲ್ಲಿ ನಾಲ್ಕೇ ತುಣುಕು. ಮಾತಿನ ನೆನಪಿನಲ್ಲಿ ಬದಲಾವಣೆ ಇಲ್ಲ ಎಂದು ಬರೆದೆ. ಎಡಗಡೆಯ ಹಾಲೆ ತೆಗೆದೂ ನೆನಪು ಕೆಡದವನೆಂದು ಶಸ್ತ್ರವೈದ್ಯರು ಆತನನ್ನು ತಮ್ಮ ಲೇಖನಕ್ಕೆ ಸೇರಿಸಿಕೊಂಡರು. ಮೊದಲೇ ಕೊನೆಯ ಮೆಟ್ಟಿಲಲ್ಲಿದ್ದ ಅಂಕ ಇನ್ನೆಲ್ಲಿಗೆ ಇಳಿಯಬೇಕಿತ್ತು ಎಂದು ನಮಗಾರಿಗೂ ಹೊಳೆಯಲಿಲ್ಲ.

ವರ್ಷ ತುಂಬಿದ ಮೇಲೆ ಮನೆಗೇ ಹೋಗಿ ನೋಡಬೇಕೆಂಬುದು ನಮ್ಮಲ್ಲಿ ಪದ್ಧತಿ. ಬದುಕು ಹೇಗಿದೆ ಎಂದು ಕೇಳುವ ಒಂದು ಉದ್ದನೆಯ ಹಾಳೆ. ದುಡಿಮೆ, ಊಟ, ಸಂಸಾರ, ಒಬ್ಬರೇ ಓಡಾಡುವುದು, ನಾಲ್ಕು ಜನರ ನಡುವೆ ಕೂರುವುದು. ಕುಂದಾ ಬಸ್ಸಿನಲ್ಲಿ ಹೋಗಿ, ವಿದ್ಯುತ್ ಯೋಜನೆಯವರ ವಸತಿಯ ಹತ್ತಿರ ಇಳಿದು, ಆಲೂಗೆಡ್ಡೆ ಪಾತಿಗಳ ನಡುವೆ ಒಂದು ಮೈಲಿ ಹತ್ತಿದೆ. ಹಟ್ಟಿಯ ಸಾಲುಮನೆಯಲ್ಲಿ ಮೂರನೆಯದು ಅವರದು. ಹೆಂಡತಿ ಬೆಲ್ಲದ ಕಾಪಿ ಕೊಟ್ಟು ಎಲ್ಲ ಪ್ರಶ್ನೆಗೂ ನಗುನಗುತ್ತ ಉತ್ತರ ಹೇಳಿದಳು. ಒಬ್ಬರೇ ಟೀ ತೋಟಕ್ಕೆ ಹೋಗುತ್ತಾರೆ. ಒಲೆ ಮುಂದೆ ಕೂತು ಮಗುವನ್ನು ಆಡಿಸುತ್ತಾರೆ. ಮಗುವಿಗೆ ಆಗ ಮೂರು ತಿಂಗಳು. ನನ್ನ ಹಾಳೆಯ ತುಂಬ ಒಳ್ಳೆಯ ಗುರುತುಗಳೇ ಬಿದ್ದವು. ಹೊಟ್ಟೆಗೆ ಹಾಲೆರೆದ ಹಾಗಾಯಿತು.

ಹೊರಟಾಗ ತಂದೆ ಬಸ್ಸಿನವರೆಗೆ ಬರುತ್ತೇನೆಂದು ಜೊತೆಗೆ ಬಂದರು. ಹಟ್ಟಿ ಕಣ್ಮರೆಯಾದ ಮೇಲೆ, ಹುಲ್ಲುಗಾವಲಿನ ತಿರುವಿನಲ್ಲಿ ನಿಂತರು.

“ಅಮ್ಮ, ಅವನಿಗ ಅದು ಇಲ್ಲೆ. ಪೂರಾ ಹೋಗಿದೆ.”

ಯಾವುದು ಎಂದು ಕೇಳಿದೆ. ಅವರು ಒಂದು ಸಲ ಹಿಂದೆ ತಿರುಗಿ ಹಟ್ಟಿ ಕಾಣುವುದಿಲ್ಲವೆಂದು ಖಾತ್ರಿ ಮಾಡಿಕೊಂಡು ಹೇಳತೊಡಗಿದರು.

ಅವರಲ್ಲಿ ಯಾರಾದರೂ ಸತ್ತರೆ ಹೆಣವನ್ನು ಬಯಲಿಗೆ ತಂದ ಮೇಲೆ ಒಬ್ಬರು ತಲೆಯ ಕಡೆ ನಿಂತು, ಆ ಜೀವ ಮತ್ತು ಅದರ ಹಿಂದಿನವರು ಮಾಡಿರಬಹುದಾದ ತಪ್ಪುಗಳನ್ನೆಲ್ಲ ಒಂದೊಂದಾಗಿ ಹೇಳುತ್ತಾರೆ. ಪ್ರತಿಯೊಂದಕ್ಕೂ ಸುತ್ತ ನಿಂತವರು ಅದು ಪಾಪ ಎಂದು ದನಿಗೂಡಿಸುತ್ತಾರೆ. ಕೊನೆಗೆ ಎಲ್ಲವೂ ಬಿಟ್ಟುಹೋಗಲಿ ಎಂದು ಕೇಳುತ್ತಾರೆ. ಆ ಹಟ್ಟಿಗೂ ಅಕ್ಕಪಕ್ಕದ ಹಟ್ಟಿಗಳಿಗೂ ಹೇಳುವವರು ಈ ಮುದುಕರು, ಇವರಿಗಿಂತ ಮೊದಲು ಇವರ ತಂದೆ. ಇವರ ಮನೆತನದ ಕಟ್ಟಳೆ ಗಟ್ಟಿ. ಸಾವಿಲ್ಲದ ಕಡೆ ಅದನ್ನು ಬಾಯಿಂದ ಆಡಬಾರದು. ಮನೆಯಲ್ಲಿ ಕಾಯಿಲೆಯವರಿದ್ದರಂತೂ ಅದರ ಹೆಸರನ್ನೇ ಎತ್ತಬಾರದು. ಹೇಳಿದರೆ ಪೂರಾ ಹೇಳಬೇಕು. ನಡುವೆ ಬಿಟ್ಟುಹೋದ ತಪ್ಪು ಸತ್ತವರ ಮೇಲೇ ಉಳಿಯುತ್ತದೆ. ಅದಕ್ಕೇ ಸರಿಯಾಗಿ ಬಾರದ್ದನ್ನು ಊಹೆಯಿಂದ ತುಂಬುವ ಅಭ್ಯಾಸವೇ ಆಗಬಾರದೆಂದು ಚಿಕ್ಕಂದಿನಿಂದ ಮಗನಿಗೆ ಕಲಿಸಿದ್ದರು. ಸಾವಿನ ಮನೆಗಳಲ್ಲಿ ತಂದೆಯ ಹಿಂದೆ ನಿಂತು, ಒಂದೊಂದು ಭಾಗವನ್ನು ಮೂರು ಸಾವುಗಳಲ್ಲಿ ಕೇಳಿದ ಮೇಲೇ ನಾಲಿಗೆಗೆ ತರಬೇಕು. ಹದಿನಾಲ್ಕು ವರ್ಷ ಹೀಗೆ ಕಲಿತು ಮಗ ಎರಡು ಸಾವುಗಳಲ್ಲಿ ತಾನೇ ನಿಂತು ಹೇಳಿದ್ದ. ಒಂದಕ್ಷರ ತಪ್ಪಿರಲಿಲ್ಲ. ಮೂರನೆಯದರಲ್ಲಿ ಹೆಣದ ಪಕ್ಕದಲ್ಲೇ ಮೂರ್ಛೆ ಬಂದು ಬಿದ್ದ. ಇದು ವಾಸಿಯಾಗುವವರೆಗೆ ಹುಡುಗ ನಿಲ್ಲುವುದು ಬೇಡ ಎಂದರು ಹಿರಿಯರು.

“ನನಗ ಹೇಳೋರು ಅವನೇ ಅಂತ ಇತ್ತು. ಅದಕ್ಕ ಆಪರೇಷನ್‌ಗ ಒಪ್ಪಿದೆ” ಎಂದರು.

ಆಸ್ಪತ್ರೆಯಿಂದ ಬಂದ ಮೇಲೆ ನಡೆದ ಸಾವೊಂದರಲ್ಲಿ ಮಗನನ್ನು ಹಿಂದೆ ನಿಲ್ಲಿಸಿಕೊಂಡು ನೋಡಿದ್ದರಂತೆ. ಅವನಿಗೆ ಮೊದಲ ಭಾಗ ಬರುತ್ತದೆ, ಮುಂದಕ್ಕೆ ದಾರಿಯೇ ಇಲ್ಲ. ಮೂರು ಸಲ ಅಲ್ಲ, ಮೂವತ್ತು ಸಲ ಕೇಳಿದರೂ ನಿಲ್ಲುವುದಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುವುದನ್ನು ನಾನು ಎಷ್ಟೋ ಸಲ ಹಗುರವಾಗಿ ಆಡಿದ್ದೇನೆ. ಅವತ್ತು ಆ ತಿರುವಿನಲ್ಲಿ ಅದು ನೆನಪಾಗಿ, ದೊಣ್ಣೆ ಯಾರ ಕೈಯಲ್ಲಿತ್ತೆಂದು ತಿಳಿಯಿತು. ಮುದುಕರು ನನ್ನನ್ನು ದೂರಲಿಲ್ಲ. ಮದ್ದು ಕೊಟ್ಟರೆ ಬರುತ್ತದೆಯೇ ಎಂದಷ್ಟೇ ಕೇಳಿದರು. ನೋಡೋಣ ಎಂದೆ. ಬರುವುದಿಲ್ಲವೆಂದು ನನಗೆ ಗೊತ್ತಿತ್ತು.

ಮುಂದಿನ ತಿಂಗಳು ಆತ ಊಟಿಗೆ ಬಂದಾಗ ನಾನು ನಿಯಮ ಮುರಿದೆ. ಕಥೆಯನ್ನು ಮೂರು ಸಲ ಓದಿದೆ. ಆಮೇಲೆ ಆರು ಸಲ. ಆತ ಬೆವರುತ್ತ ಕೂತಿದ್ದ. ಪ್ರತಿ ಸಲವೂ ಅದೇ ಮೊದಲ ಸಾಲು, ಆಮೇಲೆ ಮೌನ. ಮೊದಲ ಜನವರಿಯಲ್ಲೇ ಇದನ್ನು ಮಾಡಿದ್ದರೆ ಆತ ಇಪ್ಪತ್ತಕ್ಕೆ ಇಪ್ಪತ್ತನ್ನೂ ಹೇಳುತ್ತಿದ್ದ ಎಂಬುದರಲ್ಲಿ ನನಗೆ ಈಗಲೂ ಸಂಶಯವಿಲ್ಲ. ಆಗ ಸಭೆಯಲ್ಲಿ ನನ್ನ ಉತ್ತರ ಬೇರೆಯಾಗುತ್ತಿತ್ತು. ಶಸ್ತ್ರಚಿಕಿತ್ಸೆ ನಿಲ್ಲುತ್ತಿತ್ತೋ ಇಲ್ಲವೋ ಹೇಳಲಾರೆ. ಆತನನ್ನಂತೂ ಕೇಳುತ್ತಿದ್ದೆವು. ಮೂರ್ಛೆ ಹೋಗಬೇಕೋ, ಈ ನೆನಪು ಉಳಿಯಬೇಕೋ ಎಂದು ಆರಿಸಿಕೊಳ್ಳುವ ಹಕ್ಕು ಆತನದಾಗಿತ್ತು, ಅದನ್ನು ನಾನು ಕೊಡಲಿಲ್ಲ.

ಶಸ್ತ್ರವೈದ್ಯರಿಗೆ ಎಲ್ಲವನ್ನೂ ಹೇಳಿದೆ. ಅವರು ಲೇಖನದಿಂದ ಆ ರೋಗಿಯನ್ನು ತೆಗೆದರು. ಇನ್ನು ಮೇಲೆ ಪರೀಕ್ಷೆಗೆ ಮೊದಲು ಮನೆಗೆ ಹೋಗಿ, ಈ ಮನುಷ್ಯ ಮನಸ್ಸಿನಲ್ಲಿ ಏನನ್ನು ಹೊತ್ತಿದ್ದಾನೆ ಎಂದು ತಿಳಿದುಕೊಂಡೇ ಬಾ ಎಂದರು. ಆತನಿಗೆ ಇದನ್ನು ತಿಳಿಸಬೇಕು ಎಂದಾಗ ಮಾತ್ರ ಬೇಡ ಎಂದರು. ಕಳೆದದ್ದು ಮರಳುವುದಿಲ್ಲ, ನಿನ್ನ ಭಾರ ಇಳಿಸಿಕೊಳ್ಳಲು ಅವನ ಮೇಲೆ ಹೊರಿಸಬೇಡ ಎಂದರು. ನಾನು ಒಪ್ಪಿ ಸುಮ್ಮನಾದೆ. ಆ ಸುಮ್ಮನಿದ್ದದ್ದು ಹತ್ತು ತಿಂಗಳು.

ಮರುವರ್ಷದ ಚಳಿಗಾಲದಲ್ಲಿ, ಪರೀಕ್ಷೆಗೆ ಆತ ಬರಬೇಕಿದ್ದ ದಿನ, ಆತನ ಬದಲು ಹೆಂಡತಿಯ ಅಣ್ಣ ಬಂದು, ತಂಗಿಯ ಮಾವ ಬೆಳಗಿನ ಜಾವ ತೀರಿಹೋದರು, ಬಾವ ಬರುವುದಿಲ್ಲ ಎಂದರು. ನಾನು ಹಾಳೆಗಳನ್ನು ಅಲ್ಲೇ ಬಿಟ್ಟು ಅವರ ಜೊತೆ ಬಸ್ಸು ಹತ್ತಿದೆ. ಯಾಕೆ ಹೋದೆ ಎಂದರೆ ಆ ಕೋಣೆಯಲ್ಲಿ ಕೂರಲು ಆಗುತ್ತಿರಲಿಲ್ಲ, ಅಷ್ಟೆ.

ನಾವು ತಲುಪುವ ಹೊತ್ತಿಗೆ ಹೆಣವನ್ನು ಬಯಲಿಗೆ ತಂದಿದ್ದರು. ಮಂಚದ ಸುತ್ತ ಬಿಳಿ ಬಟ್ಟೆಯ ಹೆಂಗಸರು ಒಬ್ಬರಿಗೊಬ್ಬರು ಒರಗಿ ಕೂತು ಅಳುತ್ತಿದ್ದರು. ಹೆಂಡತಿ ನನ್ನನ್ನು ಕಂಡು ಪಕ್ಕಕ್ಕೆ ಜಾಗ ಮಾಡಿದಳು. ವಾದ್ಯ ನಿಂತಿತು. ಪಕ್ಕದ ಹಟ್ಟಿಯ ಹಿರಿಯರೊಬ್ಬರು ಹೇಳಲು ಮುಂದೆ ಬಂದರು. ಮಗ ಅವರ ಕೈ ಹಿಡಿದು ಏನೋ ಕೇಳಿಕೊಂಡ. ಹಿರಿಯರು ಹಿಂದೆ ಸರಿದರು. ಆತ ತಲೆಯ ಕಡೆ ಹೋಗಿ ನಿಂತ.

ದನಿ ಚೆನ್ನಾಗಿತ್ತು. ತಂದೆಯ ಹೆಸರು, ಹಟ್ಟಿಯ ಹೆಸರು, ಯಾವ ಯಾವ ತಲೆಮಾರು. ಮೊದಲ ತಪ್ಪು ಹೇಳಿದ, ಜನ ಅದು ಪಾಪ ಎಂದರು. ಎರಡನೆಯದು, ಮೂರನೆಯದು. ನಾಲ್ಕನೆಯದಕ್ಕೆ ಬಾಯಿ ತೆರೆದು ನಿಂತ. ಜನ ಕಾದರು. ಆತ ಮತ್ತೆ ಹೆಸರಿನಿಂದ ಶುರು ಮಾಡಿ ಅಲ್ಲಿಗೇ ಬಂದು ನಿಂತ. ಮೂರನೆಯ ಸಲ ಶುರು ಮಾಡಿದಾಗ ಹೆಂಗಸರ ಅಳುವೂ ನಿಂತಿತ್ತು. ಯಾವುದೋ ಒಂದು ತಪ್ಪನ್ನು ಹೇಳಿ ಮುಂದೆ ಹೋಗಬಹುದಿತ್ತು. ಅಲ್ಲಿ ಯಾರೂ ಏನೂ ಅನ್ನುತ್ತಿರಲಿಲ್ಲ. ಆತ ಹಾಗೆ ಮಾಡುವವನಲ್ಲ. ಕೊನೆಗೆ ಹಿರಿಯರು ಬಂದು ಹೆಗಲ ಮೇಲೆ ಕೈಯಿಟ್ಟು ಆತನನ್ನು ಗುಂಪಿನೊಳಕ್ಕೆ ಕರೆದುಕೊಂಡು ಹೋಗಿ ನಿಲ್ಲಿಸಿ, ತಾವು ಹೇಳಿ ಮುಗಿಸಿದರು. ತನ್ನ ತಂದೆಯ ಒಂದೊಂದು ತಪ್ಪಿಗೂ ಆತ ಎಲ್ಲರ ಜೊತೆಗೆ ಅದು ಪಾಪ ಎನ್ನುತ್ತಿದ್ದ. ಆ ದನಿ ಉಳಿದವರ ದನಿಗಿಂತ ಬೇರೆಯಾಗಿ ನನಗೆ ಕೇಳಿಸುತ್ತಲೇ ಇತ್ತು. ನಾನು ಅತ್ತೆ. ಹೆಂಡತಿ ನನ್ನ ಬೆನ್ನು ಸವರಿದಳು, ಮಾವನಿಗಾಗಿ ಅಳುತ್ತಿದ್ದೇನೆಂದುಕೊಂಡು.

ಹೇಳಿಬಿಡಬೇಕು ಎಂದು ನಿರ್ಧರಿಸಿದ್ದು ಅಲ್ಲಿಂದ ಇಳಿಯುವಾಗ. ಶಸ್ತ್ರವೈದ್ಯರನ್ನು ಮತ್ತೆ ಕೇಳಲಿಲ್ಲ. ತಿಂಗಳು ಕಳೆದು ಒಂದು ಸೋಮವಾರ ಹೋದೆ. ಸೋಮವಾರ ಬಡಗರು ನೆಲ ಅಗೆಯುವುದಿಲ್ಲ, ಆತ ಮನೆಯಲ್ಲೇ ಇರುತ್ತಾನೆಂದು ಗೊತ್ತಿತ್ತು. ಜಗಲಿಯಲ್ಲಿ ಕೂತಿದ್ದ. ಬಹಳ ಇಳಿದುಹೋಗಿದ್ದ. ಸೋಮವಾರ ಪೂರಾ ನೀರು ಸಹ ಮುಟ್ಟುವುದಿಲ್ಲ, ಉಳಿದ ದಿನ ಒಂದೇ ಹೊತ್ತು, ಹೇಳಿದರೆ ಕೇಳುವುದಿಲ್ಲ, ನೀವಾದರೂ ಹೇಳಿ ಎಂದು ಹೆಂಡತಿ ಒಳಗಿನಿಂದಲೇ ದೂರಿದಳು. ನಾನು ಆತನನ್ನು ಟೀ ತೋಟದ ಕಡೆಗೆ ಕರೆದೆ.

ನಾನು ಬಾಯಿ ತೆರೆಯುವ ಮೊದಲೇ ಆತ ಮಾತಾಡಿದ. ಯಾರಿಗೂ ಹೇಳದ್ದನ್ನು ಹೇಳುತ್ತೇನೆ ಎಂದ. ಆಪರೇಷನ್ನಿನ ಬೆಳಿಗ್ಗೆ ತಲೆ ಬೋಳಿಸಿ ಒಂಟಿಯಾಗಿ ಕೂರಿಸಿದ್ದಾಗ ಭಯವಾಯಿತಂತೆ. ಇಲ್ಲಿ ಸತ್ತರೆ ಈ ಕೆಳನಾಡಿನಲ್ಲಿ ತನಗಾಗಿ ಹೇಳುವವರು ಯಾರಿದ್ದಾರೆ ಎನಿಸಿತಂತೆ. ಗೋಡೆಗೆ ಮುಖ ಮಾಡಿ, ತನ್ನ ಹೆಸರು ಹಾಕಿ, ಎಲ್ಲವನ್ನೂ ಮೊದಲಿನಿಂದ ಕೊನೆಯವರೆಗೆ ತಾನೇ ಹೇಳಿಕೊಂಡನಂತೆ. ಒಂದೂ ಬಿಡಲಿಲ್ಲ.

“ಸಾವಿಲ್ಲದೆ ಹೇಳಿದೆ. ಬದುಕಿದ್ದವನಿಗ ಹೇಳಿದೆ. ಅದಕ್ಕ ಅದು ಎನ್ನ ಬಿಟ್ಟು ಹೋಯಿತು.”

ಹಾಗಾದರೆ ಆ ಬೆಳಿಗ್ಗೆಯವರೆಗೂ ಅದು ಇಡಿಯಾಗಿ ಅಲ್ಲಿತ್ತು. ನನ್ನ ಹಾಳೆ ತುಂಬಿ, ಸಭೆ ಮುಗಿದು, ಎಲ್ಲವೂ ನಿಶ್ಚಯವಾದ ಮೇಲೆಯೂ ಇತ್ತು. ನಾನು ಹೇಳಿದೆ. ತೊದಲುತ್ತ, ಎಲ್ಲವನ್ನೂ ಹೇಳಿದೆ. ನೀವು ಹೇಳಿಕೊಂಡದ್ದರಿಂದ ಏನೂ ಆಗಿಲ್ಲ. ನೆನಪು ಕೂರುವ ಜಾಗವನ್ನೇ ನಾವು ತೆಗೆದೆವು. ಅಲ್ಲಿ ಏನೂ ಇಲ್ಲವೆಂದು ಹೇಳಿದವಳು ನಾನು. ನೀವು ಮೂರು ಸಲ ಓದಿ ಎಂದಿರಿ, ನಾನು ಓದಲಿಲ್ಲ. ತಪ್ಪು ನಿಮ್ಮದಲ್ಲ, ನನ್ನದು. ಹೇಳುತ್ತ ಹೋದ ಹಾಗೆ, ಆತನ ತಲೆಯ ಮೇಲಿಂದ ಒಂದು ಹೊರೆ ಇಳಿಸುತ್ತಿದ್ದೇನೆ ಎಂದು ನಾಚಿಕೆಯ ನಡುವೆಯೂ ಒಂದಿಷ್ಟು ಸಮಾಧಾನವಾಗುತ್ತಿತ್ತು.

ಆತ ಟೀ ಗಿಡದ ಒಂದು ಚಿಗುರು ಕಿತ್ತು ಕೈಯಲ್ಲಿ ಹಿಡಿದುಕೊಂಡಿದ್ದ. ತೆಗೆದದ್ದು ಮತ್ತೆ ಹುಟ್ಟುವುದಿಲ್ಲವೇ ಎಂದು ಕೇಳಿದ. ಇಲ್ಲ ಎಂದೆ. ಚಿಗುರನ್ನು ಗಿಡದ ಬುಡಕ್ಕೆ ಬಿಟ್ಟು ಮಾತಾಡಿದ. ಸಿಟ್ಟೇ ಇರಲಿಲ್ಲ ಆ ದನಿಯಲ್ಲಿ.

“ತಪ್ಪು ಎನ್ನದು ಅಂತ ಇದ್ದಾಗ ನಾ ತೀರಿಸ್ತಿದ್ದೆ. ಉಪವಾಸ ಮಾಡಿದರೆ ಇವತ್ತಲ್ಲ ನಾಳೆ ಅದು ವಾಪಸ್ಸು ಬರ್ತಿತ್ತು, ಅಪ್ಪನಿಗ ಬಾಕಿ ಇದ್ದದ್ದ ಹೇಳ್ತಿದ್ದೆ. ನಿಂಗಳದು ಅಂದ ಮೇಲೆ ನಾ ಏನ ಮಾಡಲಿ, ಡಾಕ್ಟರಮ್ಮ?”

ಬಸ್ಸಿಗೆ ಹೊತ್ತಾಯಿತು ಎಂದು ಆತನೇ ನನ್ನನ್ನು ದಾರಿಯವರೆಗೆ ಬಿಟ್ಟುಹೋದ.

ಮುಂದಿನ ತಿಂಗಳು ಊಟಿಗೆ ಹೆಂಡತಿ ಒಬ್ಬಳೇ ಮಗುವನ್ನೆತ್ತಿಕೊಂಡು ಬಂದಳು. ಮೂರ್ಛೆ ಬಂದಿಲ್ಲ, ಮಾತ್ರೆ ಬೇಕು, ಅಷ್ಟೆ ಎಂದಳು. ಕೈಯಲ್ಲಿ ಒಂದು ಗಂಟು ಆಲೂಗೆಡ್ಡೆ. ನನ್ನ ಮೇಜಿನ ಮೇಲಿಟ್ಟು, ನಿಮಗೇ ತಂದದ್ದು ಎಂದಳು. ಯಾಕೆ ಎಂದು ಕೇಳಿದೆ.

“ನಿಂಗ ಏನ ಹೇಳಿದಿರೋ ಗೊತ್ತಿಲ್ಲೆ. ಅವತ್ತಿನಿಂದ ಉಪವಾಸ ಬಿಟ್ಟರು. ಈಗ ಸೋಮವಾರವೂ ಉಣ್ಣುತ್ತಾರೆ.”

ನನ್ನ ಎರಡು ಕೈಗಳನ್ನೂ ಹಿಡಿದು ಕಣ್ಣಿಗೊತ್ತಿಕೊಂಡಳು. ನಾನು ಅವಳಿಗೆ ಮಾತ್ರೆ ಎಣಿಸಿ ಕೊಟ್ಟು ಕಳಿಸಿದೆ.